ಮೇನ್ ಬಂದ್ ಮಾಡಿದರೂ ಟೆಸ್ಟರ್ ಯಾಕೆ ಹತ್ತಿತು? – ಎರಡು ಪಾಲಿನ ಮನೆ ಒಂದಾಗುವಾಗ

ನಮ್ಮೂರು ಮಸ್ಕಿ ತಾಲೂಕಿನ ಪಾಮನಕಲ್ಲೂರು. ಅಜ್ಜ ಕಟ್ಟಿಸಿದ ಉದ್ದನೆಯ ಮನೆ ನಮ್ಮದು. ಪಾಲಾದಾಗ ಪಡಸಾಲೆಯ ನಡುವೆ ಒಂದು ಗೋಡೆ ಎದ್ದಿತು. ಬಲಗಡೆ ದೊಡ್ಡಪ್ಪನವರು, ಎಡಗಡೆ ನಾವು. ಬಾಗಿಲು ಎರಡಾದವು, ಒಲೆ ಎರಡಾದವು, ಕಂಬದಿಂದ ಬರುವ ಸರ್ವಿಸ್ ವಯರ್ ಎರಡಾಯಿತು, ಜೆಸ್ಕಾಂ ಆರ್‌ಆರ್ ನಂಬರ್ ಕೂಡ ಎರಡಾಯಿತು. ಈಗ ದೊಡ್ಡಪ್ಪನ ಮಕ್ಕಳೆಲ್ಲ ಬೆಂಗಳೂರು ಸೇರಿದ್ದಾರೆ. ವಯಸ್ಸಾದ ಇಬ್ಬರೇ ಅಷ್ಟು ದೊಡ್ಡ ಪಾಲಲ್ಲಿ ಯಾಕಿರಬೇಕು ಅಂತ ಅಪ್ಪ, ದೊಡ್ಡಪ್ಪ ಕೂತು ಮಾತಾಡಿ ಗೋಡೆ ಒಡೆಸಿದರು. ಒಲೆ ಒಂದಾಯಿತು. ಕರೆಂಟ್ ವಿಚಾರ ಮಾತ್ರ ಯಾರ ತಲೆಗೂ ಬರಲಿಲ್ಲ.

ಬೇಸಿಗೆ ರಜೆಗೆ ಹೋದಾಗ ಪಡಸಾಲೆಯ ಹೊಸ ಬೋರ್ಡಿನಲ್ಲಿ ಒಂದು ಸಾಕೆಟ್ ಸಡಿಲಾಗಿತ್ತು. ಇಇಇ ಓದೋ ಮಗ ಮನೇಲಿದ್ದಾನೆ, ಅವನೇ ಮಾಡಲಿ ಅಂತ ಹುಕುಂ ಆಯ್ತು. ನಮ್ಮ ಕಡೆಯ ಡಬಲ್ ಪೋಲ್ ಮೇನ್ ಆಫ್ ಮಾಡಿ, ಬೋರ್ಡ್ ಬಿಚ್ಚಿ, ರೂಢಿಯಂತೆ ಟೆಸ್ಟರ್ ಇಟ್ಟೆ. ಫೇಸ್ ತಂತಿಯಲ್ಲಿ ಏನೂ ಇಲ್ಲ. ಸುಮ್ಮನೆ ನ್ಯೂಟ್ರಲ್‌ಗೂ ಇಟ್ಟೆ. ಹತ್ತಿತು! ಇನ್ನೊಮ್ಮೆ ಇಟ್ಟೆ, ಮತ್ತೂ ಹತ್ತಿತು. ಬಾಗಿಲಲ್ಲಿ ನಿಂತಿದ್ದ ದೊಡ್ಡಪ್ಪ, "ಮೇನ್ ಬಂದ್ ಮಾಡಿಯಲ್ಲೋ, ಮತ್ತ ಯಾಕ ಹತ್ತಾಕತ್ತೈತಿ ಅದು?" ಅಂದರು. ಅಷ್ಟರಲ್ಲಿ ಒಳಗಿನಿಂದ ದೊಡ್ಡವ್ವ, "ನೀವು ಆ ಕಡೆ ಬಂದ್ ಮಾಡಿದ್ರ ನಮ್ಮ ಫ್ರಿಜ್ ಯಾಕ ನಿಂತ್ತು?" ಅಂತ ಕೂಗಿದರು.

ಆ ಎರಡು ಪ್ರಶ್ನೆಗಳಿಗೆ ಉತ್ತರ ಒಂದೇ. ಅದನ್ನು ಬಿಡಿಸಿ ಹೇಳೋದಕ್ಕೇ ಈ ಲೇಖನ. ಪಾಲು ಮಾಡಿದ ಮನೆ, ಬಾಡಿಗೆಗೆ ಕೊಟ್ಟ ಮೇಲಿನ ಮಹಡಿ, ಅಕ್ಕಪಕ್ಕ ಕೊಂಡ ಎರಡು ಸಣ್ಣ ಮನೆ – ಇಂಥವು ಒಂದಾಗೋದು ನಮ್ಮ ಕಡೆ ಅಪರೂಪವೇನಲ್ಲ. (ಹೆಸರಿನ ಗೊಂದಲ ಬೇಡ: ಬೆಂಗಳೂರಿನಲ್ಲಿ ಡ್ಯೂಪ್ಲೆಕ್ಸ್ ಅಂದ್ರೆ ಒಳಗೇ ಮೆಟ್ಟಿಲಿರುವ, ಎರಡಂತಸ್ತಿನ ಒಂದೇ ಮನೆ. ಅಮೆರಿಕದಲ್ಲಿ ಡ್ಯೂಪ್ಲೆಕ್ಸ್ ಅಂದ್ರೆ ಒಂದೇ ಕಟ್ಟಡದಲ್ಲಿ ಎರಡು ಸಂಸಾರ, ಎರಡು ಮೀಟರ್. ಆ ಅರ್ಥದಲ್ಲಿ ನಮ್ಮ ಪಾಲಿನ ಮನೆಗಳೇ ಅಸಲಿ ಡ್ಯೂಪ್ಲೆಕ್ಸ್.)

ಆ ದಿನ ನಡೆದದ್ದೇನು

ಗೋಡೆ ಒಡೆದ ಮೇಲೆ ಪಡಸಾಲೆಗೆ ಒಂದು ಹೊಸ ಬೋರ್ಡ್ ಬೇಕಾಯಿತು. ಕೆಲಸಕ್ಕೆ ಬಂದವರು ಫೇಸನ್ನು ನಮ್ಮ ಕಡೆಯಿಂದ ತಗೊಂಡರು. ನ್ಯೂಟ್ರಲ್ ಹತ್ತಿರ ಸಿಕ್ಕಿದ್ದು ದೊಡ್ಡಪ್ಪನ ಕಡೆಯ ಬೋರ್ಡಿನಲ್ಲಿ. ನ್ಯೂಟ್ರಲ್ ಎಲ್ಲಿಂದ ತಗೊಂಡರೇನು, ಎಲ್ಲಾ ಹೋಗೋದು ಅದೇ ಕಂಬಕ್ಕೆ ತಾನೆ? ಮುಂದೆ ಇನ್ನೊಂದು ಪಾಯಿಂಟ್ ಕೊಡುವಾಗ ನಮ್ಮ ನ್ಯೂಟ್ರಲ್ಲೂ ಅದೇ ಬೋರ್ಡಿಗೆ ಬಂತು. ಉಳಿದದ್ದು ಹತ್ತಡಿ ತಂತಿ. ಆದದ್ದು ಎರಡು ಸರ್ವಿಸ್‌ಗಳ ನ್ಯೂಟ್ರಲ್ ಮನೆಯೊಳಗೇ ಗಂಟು ಬಿದ್ದದ್ದು.

ಅದಾದ ಮೇಲೆ ಯಾವಾಗಲೋ ದೊಡ್ಡಪ್ಪನ ಸರ್ವಿಸ್ ನ್ಯೂಟ್ರಲ್ ಕಂಬದ ತುದಿಯಲ್ಲಿ ಬಿಟ್ಟುಕೊಂಡಿದೆ. ಗಾಳಿಗೋ, ಅಲ್ಯೂಮಿನಿಯಂ ತುಕ್ಕಿಗೋ. ಮಾಮೂಲಿ ಮನೆಯಾಗಿದ್ದರೆ ಆ ಕ್ಷಣವೇ ಅವರ ಕಡೆ ಎಲ್ಲಾ ಆರಿಹೋಗಬೇಕಿತ್ತು, ಲೈನ್‌ಮನ್ ಬಂದು ಸರಿ ಮಾಡುತ್ತಿದ್ದರು. ಇಲ್ಲಿ ಹಾಗಾಗಲಿಲ್ಲ. ಅವರ ಫ್ರಿಜ್ಜಿನ ಕರೆಂಟ್ ಗಂಟಿನ ಮೂಲಕ ನಮ್ಮ ನ್ಯೂಟ್ರಲ್ಲಿಗೆ ಬಂದು, ನಮ್ಮ ಮೇನ್ ದಾಟಿ ಕಂಬ ಸೇರುತ್ತಿತ್ತು. ಕೆಟ್ಟದ್ದು ಕಾಣಲೇ ಇಲ್ಲ.

ನಾನು ನಮ್ಮ ಮೇನ್ ಆಫ್ ಮಾಡಿದಾಗ ಡಬಲ್ ಪೋಲ್ ಸ್ವಿಚ್ ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯಿತು. ಅದು ಸರಿಯಾದ ಸ್ವಿಚ್ಚೇ, ತನ್ನ ಕೆಲಸವನ್ನೇ ಮಾಡಿತು. ಆದರೆ ಅದರೊಂದಿಗೆ ಫ್ರಿಜ್ಜಿನ ವಾಪಸ್ ದಾರಿಯೂ ಹೋಯಿತು. ದೊಡ್ಡಪ್ಪನ ಫೇಸ್ ಇನ್ನೂ ಜೀವಂತ. ಅದು ಫ್ರಿಜ್ ಮೂಲಕ ಹಾದು ಇಡೀ ಮನೆಯ ನ್ಯೂಟ್ರಲ್ ತಂತಿಗಳನ್ನು 230 ವೋಲ್ಟಿಗೆ ಎತ್ತಿ ಕೂರಿಸಿತು. ಫ್ರಿಜ್ ನಿಂತಿತು, ಟೆಸ್ಟರ್ ಹತ್ತಿತು. ಫೇಸ್ ಮಾತ್ರ ನೋಡಿ ಕೈ ಹಾಕಿದ್ದರೆ, ಫ್ರಿಜ್ಜಿನ ಮೋಟಾರಿನಷ್ಟೇ ತಡೆಯಿದ್ದ ಸರ್ಕ್ಯೂಟಿನಲ್ಲಿ ನಾನು ಸೀರೀಸ್‌ನಲ್ಲಿ ಕೂತಿರುತ್ತಿದ್ದೆ. ಮನುಷ್ಯನ ಎದೆ ಬಡಿತ ಕೆಡಿಸೋಕೆ ಕೆಲವೇ ಹತ್ತು ಮಿಲಿಆಂಪಿಯರ್ ಸಾಕು.

ಎರಡು ಸರ್ವಿಸ್ ಒಂದೇ ಮನೆಯಲ್ಲಿ ಬೆರೆತಾಗ ಮೇನ್ ಸ್ವಿಚ್ ಅನ್ನೋದಕ್ಕೆ ಅರ್ಥವೇ ಉಳಿಯೋದಿಲ್ಲ. ಇಡೀ ಮನೆಯನ್ನು ಒಂದೇ ಕೈಯಿಂದ ಸತ್ತ ಮನೆ ಮಾಡಲು ಬರಬೇಕು. ಮುಂದಿನ ಲೆಕ್ಕ, ಅರ್ಜಿ, ವೈರಿಂಗ್ ಎಲ್ಲಾ ಇದೊಂದಕ್ಕಾಗಿ.

ಗಂಟು ಬಿದ್ದ ನ್ಯೂಟ್ರಲ್ಲಿನ ಇನ್ನಷ್ಟು ಕರಾಮತ್ತು

ಥಿಯರಿ ಕ್ಲಾಸಿನಲ್ಲಿ ಫೇಸರ್ ಡಯಾಗ್ರಾಂ ಬರೆದು ಬೇಜಾರಾದವರು ಇಲ್ಲಿ ಸ್ವಲ್ಪ ಗಮನ ಕೊಡಿ.

ನಮ್ಮ ಎರಡೂ ಸರ್ವಿಸ್ ಒಂದೇ ಫೇಸ್ ಮೇಲಿದ್ದವು. ನಮ್ಮ ಕಡೆ 15 ಆಂಪಿಯರ್, ಅವರ ಕಡೆ 12 ಆಂಪಿಯರ್ ಓಡುತ್ತಿದ್ದರೆ ನಮ್ಮ ಒಂದೇ ನ್ಯೂಟ್ರಲ್ಲಿನಲ್ಲಿ 27 ಆಂಪಿಯರ್. ಫೇಸ್‌ಗೆ ಎಂಸಿಬಿ ಇದೆ, ನ್ಯೂಟ್ರಲ್‌ಗೆ ಯಾವ ಕಾವಲೂ ಇಲ್ಲ. ತಂತಿ ಕಾಯ್ದು ಇನ್ಸುಲೇಶನ್ ಕರಗುವವರೆಗೂ ಯಾವ ಬ್ರೇಕರೂ ಬೀಳೋದಿಲ್ಲ.

ಎರಡು ಸರ್ವಿಸ್ ಬೇರೆ ಬೇರೆ ಫೇಸ್ ಮೇಲಿದ್ದರೆ? ಎರಡರ ನಡುವೆ 120 ಡಿಗ್ರಿ. 15ರ ವರ್ಗ 225, 12ರ ವರ್ಗ 144, ಅದರಿಂದ ಗುಣಲಬ್ಧ 180 ಕಳೆದರೆ 189. ವರ್ಗಮೂಲ ಸುಮಾರು 13.7 ಆಂಪಿಯರ್. ನ್ಯೂಟ್ರಲ್‌ಗೆ ಹೊರೆ ಕಡಿಮೆಯಾಯ್ತಲ್ಲ, ಒಳ್ಳೆಯದೇ ಅನ್ನಿಸಬಹುದು. ಆದರೆ ಆ ಉಳಿದ ನ್ಯೂಟ್ರಲ್ಲೂ ಬಿಟ್ಟುಹೋದರೆ ನೋಡಿ. ಈಗ ಎರಡೂ ಕಡೆಯ ಲೋಡುಗಳು ಎರಡು ಫೇಸ್ ನಡುವೆ ಸೀರೀಸ್‌ನಲ್ಲಿ ಸಿಕ್ಕಿಕೊಳ್ಳುತ್ತವೆ: 230ರ ಮೂರರ ವರ್ಗಮೂಲದಷ್ಟು, ಅಂದ್ರೆ 398 ವೋಲ್ಟ್. ಒಂದು ಕಡೆ 70 ವ್ಯಾಟಿನ ಫ್ಯಾನ್ ಮಾತ್ರ (ಸುಮಾರು 756 ಓಮ್ ಅಂತ ಹಿಡಿಯೋಣ), ಇನ್ನೊಂದು ಕಡೆ 1000 ವ್ಯಾಟಿನ ಇಸ್ತ್ರಿ ಪೆಟ್ಟಿಗೆ (53 ಓಮ್). ಫ್ಯಾನಿನ ಪಾಲಿಗೆ ಬರೋದು 372 ವೋಲ್ಟ್! ಊರಲ್ಲಿ "ಒಮ್ಮಿಗೇ ಕರೆಂಟ್ ಜಾಸ್ತಿ ಬಂದು ಟಿವಿ ಸುಟ್ಟಿತು" ಅಂತಾರಲ್ಲ, ಅಂಥ ಎಷ್ಟೋ ಕತೆಗಳ ಹಿಂದೆ ಇರೋದು ನ್ಯೂಟ್ರಲ್ ಬಿಟ್ಟುಕೊಂಡದ್ದೇ.

ಬಿಲ್ಲಿನ ಕತೆ ಇನ್ನೂ ಮಜಾ. ಈಗಿನ ಹಲವು ಸ್ಟ್ಯಾಟಿಕ್ ಮೀಟರುಗಳು ಫೇಸ್ ಕರೆಂಟನ್ನೂ ನ್ಯೂಟ್ರಲ್ ಕರೆಂಟನ್ನೂ ಅಳೆದು, ಯಾವುದು ಹೆಚ್ಚೋ ಅದರ ಮೇಲೆ ಯೂನಿಟ್ ಎಣಿಸುತ್ತವೆ. ಕಳ್ಳತನ ತಡೆಯಲು ಮಾಡಿದ ಉಪಾಯ ಅದು. ನಮ್ಮ ಮನೆಯಲ್ಲಿ ದೊಡ್ಡಪ್ಪನ ಫ್ರಿಜ್ ಅವರ ಮೀಟರಿನ ಫೇಸ್‌ನಲ್ಲಿ ಒಮ್ಮೆ, ನಮ್ಮ ಮೀಟರಿನ ನ್ಯೂಟ್ರಲ್‌ನಲ್ಲಿ ಇನ್ನೊಮ್ಮೆ ಓಡುತ್ತಿತ್ತು. ಒಂದು ಫ್ರಿಜ್, ಎರಡು ಬಿಲ್. ಎರಡೂ ಮೀಟರಿನಲ್ಲಿ ಅರ್ಥ್ ಅಂತ ಬರೆದಿರುವ ಸಣ್ಣ ಕೆಂಪು ದೀಪ ತಿಂಗಳುಗಟ್ಟಲೆ ಹತ್ತಿಯೇ ಇತ್ತಂತೆ. ಅದು ಹಾಗೇ ಹತ್ತೋದು ಅಂತ ಎಲ್ಲರೂ ತಿಳಿದಿದ್ದರು. ನಿಮ್ಮ ಮನೆ ಮೀಟರಿನಲ್ಲಿ ಆ ದೀಪ ಹತ್ತಿದ್ದರೆ ಒಮ್ಮೆ ತೋರಿಸಿ.

ಇಂಥ ಮನೆಗೆ ಆರ್‌ಸಿಸಿಬಿ ಹಾಕಿದರೆ ನಿಲ್ಲೋದೇ ಇಲ್ಲ. ಅದು ಹೋದ ಕರೆಂಟ್, ಬಂದ ಕರೆಂಟ್ ಸಮ ಇದೆಯಾ ಅಂತ ನೋಡುತ್ತದೆ. 30 ಮಿಲಿಆಂಪಿಯರ್ ವ್ಯತ್ಯಾಸ ಕಂಡರೆ ಕಡಿಯುತ್ತದೆ. ಇಲ್ಲಿ ವ್ಯತ್ಯಾಸವೇ ಹತ್ತು ಆಂಪಿಯರ್. ಆಗ ಮನೆಯವರು ಮಾಡೋದೇನು ಗೊತ್ತಲ್ಲ, "ಈ ಸ್ವಿಚ್ ಸರಿ ಇಲ್ಲ" ಅಂತ ಅದನ್ನೇ ತೆಗೆಸಿಬಿಡೋದು.

ಎಷ್ಟು ಲೋಡ್ ಕೇಳಬೇಕು

ಎರಡು ಹಳೆ ಸ್ಯಾಂಕ್ಷನ್ ಲೋಡ್ ಕೂಡಿಸಿದರೆ ಹೊಸ ಮನೆಯ ಲೋಡ್ ಆಗೋದಿಲ್ಲ. ಹಳೆಯವು ನಾಲ್ಕು ದೀಪ, ಎರಡು ಫ್ಯಾನಿನ ಕಾಲದವು. ಹೊಸದಾಗಿಯೇ ಲೆಕ್ಕ ಹಾಕಬೇಕು. ನಮ್ಮದು ಹೀಗಾಯಿತು: ಎಲ್‌ಇಡಿ ದೀಪ 14, ತಲಾ 9 ವ್ಯಾಟ್, ಫ್ಯಾನ್ 6, ತಲಾ 70, ಟಿವಿ 100, ಫ್ರಿಜ್ 150, ಮಿಕ್ಸಿ 750, ವಾಷಿಂಗ್ ಮೆಷಿನ್ 500, ಒಂದು ಎಚ್‌ಪಿ ನೀರಿನ ಮೋಟಾರ್, ಎಳೆಯೋದು ಸುಮಾರು 1000, ಕೂಲರ್ ಎರಡು, ಒಟ್ಟು 360, ಗೀಸರ್ 2000, ಇಸ್ತ್ರಿ 1000, ಮುಂದೆ ಬರಬಹುದಾದ ಒಂದು ಏಸಿ 1600. ಕೂಡಿಸಿದರೆ 8 ಕಿಲೋವ್ಯಾಟ್ ಮುಟ್ಟುತ್ತದೆ.

ಇದನ್ನು ನೋಡಿ ಗಾಬರಿಯಾಗಬೇಡಿ. ಇಷ್ಟೂ ಒಮ್ಮೆಗೇ ಓಡೋದಿಲ್ಲ. ನಮ್ಮ ರಾಯಚೂರು ಬಿಸಿಲಿನಲ್ಲಿ ಮೇ ತಿಂಗಳ ರಾತ್ರಿ ಏಸಿ, ಕೂಲರ್, ಫ್ಯಾನ್, ಫ್ರಿಜ್, ಟಿವಿ, ದೀಪ, ಜೊತೆಗೆ ಮೋಟಾರ್ ಹಾಕಿದರೂ ಸುಮಾರು 3.7 ಕಿಲೋವ್ಯಾಟ್; ಆಗ ಗೀಸರ್ ಯಾರಿಗೆ ಬೇಕು? ಡಿಸೆಂಬರ್ ಬೆಳಿಗ್ಗೆ ಗೀಸರ್, ಮೋಟಾರ್, ಮಿಕ್ಸಿ, ಫ್ರಿಜ್, ದೀಪ ಸೇರಿ 4. ಆಗ ಏಸಿ ಇಲ್ಲ. ಪವರ್ ಫ್ಯಾಕ್ಟರ್ 0.9 ಹಿಡಿದರೆ 4 ಕಿಲೋವ್ಯಾಟಿಗೆ 19 ಆಂಪಿಯರ್ ಚಿಲ್ಲರೆ. ಕರ್ನಾಟಕದಲ್ಲಿ ಸಾಮಾನ್ಯವಾಗಿ 5 ಕಿಲೋವ್ಯಾಟ್‌ವರೆಗೆ ಸಿಂಗಲ್ ಫೇಸ್, ಅದಕ್ಕಿಂತ ಹೆಚ್ಚಾದರೆ ತ್ರೀ ಫೇಸ್. ಇಂಥ ಮನೆಗೆ 5 ಕಿಲೋವ್ಯಾಟ್ ಸಿಂಗಲ್ ಫೇಸ್ ಸಾಲುತ್ತದೆ ಅನ್ನೋದು ನನ್ನ ಲೆಕ್ಕ. ಎರಡನೇ ಏಸಿ, ಕರೆಂಟ್ ಕಾರ್ ಇತ್ಯಾದಿ ಮನಸ್ಸಿನಲ್ಲಿದ್ದರೆ ತ್ರೀ ಫೇಸ್ ಕೇಳಿ. ಫಿಕ್ಸೆಡ್ ಚಾರ್ಜ್ ಕಿಲೋವ್ಯಾಟ್ ಲೆಕ್ಕದಲ್ಲಿ ಬರುವುದರಿಂದ ಸುಮ್ಮನೆ ದೊಡ್ಡದು ಕೇಳಿ ತಿಂಗಳಾ ದುಡ್ಡು ಕಟ್ಟೋದರಲ್ಲೂ ಅರ್ಥವಿಲ್ಲ.

ಲೋಡ್ ಹೆಚ್ಚಿದ ಮೇಲೆ ಹಳೆ ಸರ್ವಿಸ್ ವಯರ್ ನಡೆಯೋದಿಲ್ಲ. ಕಂಬ 30 ಮೀಟರ್ ದೂರ ಅಂದುಕೊಳ್ಳಿ, ಹೋಗಿ ಬರುವ ದಾರಿ 60 ಮೀಟರ್. 2.5 ಚದರ ಮಿಲಿಮೀಟರ್ ಅಲ್ಯೂಮಿನಿಯಂ ತಂತಿಯ ರೆಸಿಸ್ಟೆನ್ಸ್ ಸುಮಾರು 0.68 ಓಮ್, 20 ಆಂಪಿಯರ್ ಹರಿದರೆ 13.5 ವೋಲ್ಟ್ ತಂತಿಯಲ್ಲೇ ಖರ್ಚು. ಅದೇ 10 ಚದರ ಮಿಲಿಮೀಟರ್ ಆದರೆ 3.4 ವೋಲ್ಟ್. ಊರ ತುದಿಯಲ್ಲಿ ಸಂಜೆ ಹೊತ್ತು ವೋಲ್ಟೇಜ್ ಮೊದಲೇ ಇಳಿದಿರುತ್ತದೆ. ಇನ್ನೊಂದು 13 ವೋಲ್ಟ್ ಹೋದರೆ ಮೋಟಾರ್ ಗುಂಯ್ ಅಂತ ನಿಂತು ಇನ್ನಷ್ಟು ಕರೆಂಟ್ ಎಳೆಯುತ್ತದೆ.

ಯಾವ ಮೀಟರ್ ಉಳಿಸೋದು, ಯಾವುದು ಬಿಡೋದು

ಇಲ್ಲೇ ಮನೆಯಲ್ಲಿ ನಿಜವಾದ ಜಗಳ ಶುರುವಾದದ್ದು. "ಎರಡು ಮೀಟರ್ ಇದ್ರ ಎರಡು ಗೃಹಜ್ಯೋತಿ. ಒಂದು ಬಿಟ್ಟು ನಾವ್ಯಾಕ ಲುಕ್ಸಾನ ಮಾಡ್ಕೋಬೇಕು?" ಅಂದರು ಅಪ್ಪ. ಮಾತು ತಪ್ಪಲ್ಲ, ಲೆಕ್ಕ ಹಾಕಿಯೇ ನೋಡೋಣ.

ಹಿಂದೆ ಎರಡು ಮೀಟರ್ ಇಟ್ಟುಕೊಳ್ಳೋದಕ್ಕೆ ಕಾರಣ ಸ್ಲ್ಯಾಬ್: ಕಡಿಮೆ ಯೂನಿಟ್‌ಗೆ ಕಡಿಮೆ ದರ. 2024ರ ಏಪ್ರಿಲ್‌ನಿಂದ ಗೃಹಬಳಕೆಗೆ ಎಲ್ಲಾ ಯೂನಿಟ್‌ಗೂ ಒಂದೇ ದರ ಆಯಿತು, ಆ ಲಾಭ ಹೋಯಿತು. ಈಗ ಉಳಿದಿರೋದು 2023ರಲ್ಲಿ ಬಂದ ಗೃಹಜ್ಯೋತಿ. ಅದರಲ್ಲಿ 200 ಯೂನಿಟ್ ಎಲ್ಲರಿಗೂ ಉಚಿತ ಅಂತ ಹಲವರು ತಿಳಿದಿದ್ದಾರೆ. ಹಾಗಲ್ಲ. 2022-23ರ ತಿಂಗಳ ಸರಾಸರಿ, ಅದರ ಮೇಲೆ ಶೇಕಡಾ 10 – ಅದು ನಿಮ್ಮ ಅರ್ಹತೆ. ಸರಾಸರಿ 48ಕ್ಕಿಂತ ಕಡಿಮೆ ಇದ್ದವರಿಗೆ ಶೇಕಡಾ 10ರ ಬದಲು 10 ಯೂನಿಟ್ ಅಂತ 2024ರ ಜನವರಿಯಲ್ಲಿ ಬದಲಾಯಿತು. ಅರ್ಹತೆ ಮೀರಿದರೆ ಮೀರಿದಷ್ಟಕ್ಕೆ ದುಡ್ಡು, 200 ದಾಟಿದರೆ ಪೂರ್ತಿ ಬಿಲ್.

ಒಂದು ಕಡೆಯ ಸರಾಸರಿ 90, ಇನ್ನೊಂದು ಕಡೆ 40 ಅಂತಿಟ್ಟುಕೊಳ್ಳಿ. ಅರ್ಹತೆ 99 ಮತ್ತು 50. ಎರಡೂ ಇದ್ದರೆ 130 ಯೂನಿಟ್ ಉಚಿತವೇ. ಒಂದಾದ ಮೇಲೆ 99ರ ಮೀಟರ್ ಉಳಿಸಿಕೊಂಡರೆ 31 ಯೂನಿಟ್‌ಗೆ ಕಟ್ಟಬೇಕು. ಯೋಚಿಸದೆ 50ರದ್ದು ಉಳಿಸಿಕೊಂಡರೆ 80ಕ್ಕೆ ಕಟ್ಟಬೇಕು. ಎರಡನ್ನೂ ಒಪ್ಪಿಸಿ ಹೊಸ ಕನೆಕ್ಷನ್ ತಗೊಂಡರೆ ಹಳೆ ಬಳಕೆಯ ದಾಖಲೆಯೇ ಇಲ್ಲ. ಆಗ ರಾಜ್ಯದ ಸರಾಸರಿ 53 ಯೂನಿಟ್ ಮೇಲೆ ಶೇಕಡಾ 10 ಅಷ್ಟೇ. ಹಾಗಾಗಿ ಹೆಚ್ಚು ಸರಾಸರಿಯ ಆರ್‌ಆರ್ ನಂಬರ್ ಉಳಿಸಿ, ಅದಕ್ಕೇ ಲೋಡ್ ಹೆಚ್ಚಿಸಿಕೊಂಡು, ಇನ್ನೊಂದನ್ನು ಒಪ್ಪಿಸೋದು ಜಾಣತನ. ಇನ್ನು ಏಸಿ ಬಂದು ಮೇನಲ್ಲಿ 200 ದಾಟಿದರೆ ಈ ಲೆಕ್ಕವೆಲ್ಲ ಆ ತಿಂಗಳ ಮಟ್ಟಿಗೆ ಸುಮ್ಮನೆ.

ಲುಕ್ಸಾನು ಇದೆ, ಇಲ್ಲ ಅನ್ನೋದಿಲ್ಲ. ಆದರೆ ಇನ್ನೊಂದು ತಕ್ಕಡಿಯಲ್ಲಿ ವಿದ್ಯುತ್ ಕಾಯ್ದೆ 2003ರ 126ನೇ ಸೆಕ್ಷನ್ ಇದೆ. ಯಾವ ಜಾಗಕ್ಕೆ ಕನೆಕ್ಷನ್ ಮಂಜೂರಾಗಿದೆಯೋ ಅದು ಬಿಟ್ಟು ಬೇರೆ ಜಾಗಕ್ಕೆ ಬಳಸಿದರೆ ಅನಧಿಕೃತ ಬಳಕೆ, ದರದ ಎರಡು ಪಟ್ಟು ಹಾಕುತ್ತಾರೆ. ಒಂದು ಮೀಟರಿನ ಕರೆಂಟ್ ಇನ್ನೊಂದರ ಪಾಲಿಗೆ ದಾಟಿದ್ದು ಕಂಡರೆ ಸಂಭಾಷಣೆ ಅಲ್ಲಿಂದ ಶುರುವಾಗುತ್ತದೆ. ನಿಜವಾಗಿಯೂ ಎರಡು ಸಂಸಾರ, ಎರಡು ಒಲೆ, ನಡುವೆ ಗೋಡೆ ಇದ್ದರೆ ಎರಡು ಮೀಟರ್ ಇರಲಿ, ಯಾರೂ ಬೇಡ ಅನ್ನೋದಿಲ್ಲ. ಗೋಡೆ ಹೋದ ಮೇಲೆ ವೈರಿಂಗ್ ಬೇರೆ ಬೇರೆ ಉಳಿಯುತ್ತದೆ ಅನ್ನೋದು ನಂಬುವ ಮಾತಲ್ಲ. ನಮ್ಮನೆಯಲ್ಲಿ ಬೆರೆಯೋದಕ್ಕೆ ಒಂದು ಬೋರ್ಡ್ ಸಾಕಾಯಿತು. ಅಪ್ಪ ಕೊನೆಗೆ ಒಪ್ಪಿದ್ದು ಕಾಯ್ದೆಗಲ್ಲ, ಆ ಟೆಸ್ಟರಿಗೆ.

ಕಾಗದದ ಕೆಲಸ ಚಿಕ್ಕದಾಗಿ ಹೇಳ್ತೀನಿ. ಎರಡೂ ನಂಬರಿನ ಬಾಕಿ ಚುಕ್ತಾ ಮಾಡಬೇಕು. ಕನೆಕ್ಷನ್ ಅಜ್ಜನ ಹೆಸರಲ್ಲೇ ಇದ್ದರೆ ಮೊದಲು ಹೆಸರು ಬದಲಾವಣೆ, ಅದಕ್ಕೆ ಪಂಚಾಯಿತಿಯ ಇ-ಸ್ವತ್ತು ಕಾಗದ ಬೇಕಾಗುತ್ತದೆ. ವೈರಿಂಗನ್ನು ವಿದ್ಯುತ್ ಪರಿವೀಕ್ಷಣಾಲಯದ ಲೈಸೆನ್ಸ್ ಇರುವ ಗುತ್ತಿಗೆದಾರರಿಂದಲೇ ಮಾಡಿಸಿ, ಅವರ ಕಂಪ್ಲೀಶನ್ ರಿಪೋರ್ಟ್ ಜೊತೆ ಲೋಡ್ ಹೆಚ್ಚಳದ ಅರ್ಜಿ ಕೊಡಬೇಕು. (ಇಇಇ ಆರನೇ ಸೆಮಿಸ್ಟರ್ ಅನ್ನೋದು ಲೈಸೆನ್ಸ್ ಅಲ್ಲ ಅಂತ ಗುತ್ತಿಗೆದಾರರು ನನಗೆ ನಗುತ್ತಲೇ ಹೇಳಿದರು.) ಒಪ್ಪಿಸಿದ ಮೀಟರಿನ ಸೆಕ್ಯೂರಿಟಿ ಡಿಪಾಸಿಟ್ ವಾಪಸ್ ಕೇಳೋದು ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ ನಿಮ್ಮ ಹಕ್ಕು, ಕೇಳದಿದ್ದರೆ ತಾನಾಗಿ ಬರೋದಿಲ್ಲ, ಬರೆದು ಕೊಡಿ. ಹಳೆ ಸರ್ವಿಸ್ ವಯರನ್ನು ಕಂಬದ ತುದಿಯಿಂದಲೇ ಇಲಾಖೆಯವರಿಂದ ಬಿಚ್ಚಿಸಬೇಕು. ಮನೆ ಕಡೆ ಕತ್ತರಿಸಿ ಟೇಪ್ ಸುತ್ತಿ ಬಿಟ್ಟರೆ ಅದು ಗೋಡೆಗೆ ನೇತುಬಿದ್ದ ಜೀವಂತ ತಂತಿ.

ಅರ್ಥಿಂಗ್ ಮತ್ತು ಒಳಗಿನ ಬೋರ್ಡ್

ಹಳ್ಳಿ ಮನೆಗೆ ಕಂಬದಿಂದ ಬರೋದು ಸಾಮಾನ್ಯವಾಗಿ ಎರಡೇ ತಂತಿ. ಅರ್ಥ್ ಮನೆಯದ್ದೇ. ಫ್ರಿಜ್ಜಿನ ಮೈಗೆ ಫೇಸ್ ತಗುಲಿತು ಅಂದುಕೊಳ್ಳಿ. ನಮ್ಮ ಅರ್ಥ್ ಪೈಪಿನ ರೆಸಿಸ್ಟೆನ್ಸ್ 20 ಓಮ್, ಟ್ರಾನ್ಸ್‌ಫಾರ್ಮರಿನದ್ದು 2 ಓಮ್ ಇದ್ದರೆ ಹರಿಯೋದು 230 ಭಾಗಿಸು 22, ಅಂದ್ರೆ ಹತ್ತೂವರೆ ಆಂಪಿಯರ್. 16 ಆಂಪಿಯರ್ ಎಂಸಿಬಿ ಇದನ್ನು ಮಾಮೂಲಿ ಲೋಡ್ ಅಂದುಕೊಂಡು ಸುಮ್ಮನೆ ಕೂತಿರುತ್ತದೆ. ಫ್ರಿಜ್ಜಿನ ಮೈ ಮೇಲೆ ಮಾತ್ರ 209 ವೋಲ್ಟ್. "ಎಂಸಿಬಿ ಅದ, ಅರ್ಥ್ ಅದ, ಇನ್ನೇನು ಬೇಕು?" ಅನ್ನೋರಿಗೆ ಈ ಒಂದು ಭಾಗಾಕಾರ ತೋರಿಸಿ. 30 ಮಿಲಿಆಂಪಿಯರ್ ಆರ್‌ಸಿಸಿಬಿ ಇಲ್ಲದೆ ಹಳ್ಳಿ ಮನೆಗೆ ರಕ್ಷಣೆಯೇ ಇಲ್ಲ.

ಎರೆ ನೆಲದವರಿಗೆ ಇನ್ನೊಂದು ಪಾಡು. ಮಳೆಗಾಲದಲ್ಲಿ ಎರೆ ಮಣ್ಣಿನ ಅರ್ಥ್ ಚಲೋ ಬರುತ್ತದೆ. ಬೇಸಿಗೆಯಲ್ಲಿ ನೆಲ ಬಿರಿದು ಪೈಪಿನ ಸುತ್ತಲೇ ಸಂದು ಬೀಳುತ್ತದೆ, ರೆಸಿಸ್ಟೆನ್ಸ್ ಏರುತ್ತದೆ. ಐಎಸ್ 3043 ಹೇಳುವ ಎರಡೂವರೆ ಮೀಟರ್ ಪೈಪ್ ಪೂರ್ತಿ ಒಳಗೆ ಹೋಗಿರಬೇಕು, ಬೇಸಿಗೆಯಲ್ಲಿ ನೀರು ಹಾಕುತ್ತಿರಬೇಕು. ಅಳೆಯೋದಾದರೆ ಮೇ ತಿಂಗಳಲ್ಲಿ ಅಳೆಯಿರಿ. ಎರಡು ಪಾಲಿನ ಎರಡು ಅರ್ಥ್ ಪೈಪುಗಳನ್ನು ತಾಮ್ರದ ತಂತಿಯಿಂದ ಒಂದಕ್ಕೊಂದು ಸೇರಿಸಿ. ನ್ಯೂಟ್ರಲ್ ಬೆರೆಸಬಾರದು, ಅರ್ಥ್ ಬೆರೆಸಲೇಬೇಕು. ಒಂದೇ ಮನೆಯಲ್ಲಿ ಫ್ರಿಜ್ ಒಂದು ಅರ್ಥ್‌ಗೆ, ಪಕ್ಕದ ಮೋಟಾರ್ ಇನ್ನೊಂದಕ್ಕೆ ಇದ್ದರೆ, ಎರಡನ್ನೂ ಮುಟ್ಟಿದವರ ಎರಡು ಕೈ ನಡುವೆ ವೋಲ್ಟೇಜ್ ನಿಲ್ಲಬಹುದು.

ಹೊಸ ಬೋರ್ಡ್ ಒಂದೇ ಜಾಗದಲ್ಲಿ: ಮೀಟರ್, ಡಬಲ್ ಪೋಲ್ ಮೇನ್, ಅದರ ಕೆಳಗೆ ಎರಡು ಆರ್‌ಸಿಸಿಬಿ. ಹಳೆ ಬಲ ಪಾಲಿನ ಸರ್ಕ್ಯೂಟುಗಳು ಒಂದಕ್ಕೆ, ಎಡ ಪಾಲಿನವು ಇನ್ನೊಂದಕ್ಕೆ. ಮಳೆಗಾಲದಲ್ಲಿ ಬಚ್ಚಲಲ್ಲಿ ಲೀಕೇಜ್ ಆದರೆ ಅರ್ಧ ಮನೆಯಾದರೂ ಬೆಳಕಿರಲಿ ಅಂತ. ಎರಡಕ್ಕೂ ಬೇರೆ ಬೇರೆ ನ್ಯೂಟ್ರಲ್ ಪಟ್ಟಿ. ಇಲ್ಲೂ ಗಂಟು ಬಿದ್ದರೆ ಎರಡೂ ಬೀಳುತ್ತವೆ, ಹಳೇ ಕತೆಯೇ. ದೀಪ, ಫ್ಯಾನಿನ ಒಂದು ಸರ್ಕ್ಯೂಟಿಗೆ 10 ಪಾಯಿಂಟ್ ಅಥವಾ 800 ವ್ಯಾಟ್ ಮೀರಬಾರದು. ಗೀಸರ್, ಮೋಟಾರ್, ಏಸಿಗೆ ತಲಾ ಒಂದು ಪ್ರತ್ಯೇಕ ಸರ್ಕ್ಯೂಟ್.

ಕರೆಂಟ್ ಕೊಡುವ ಮೊದಲು ಗುತ್ತಿಗೆದಾರರು 500 ವೋಲ್ಟ್ ಮೆಗ್ಗರ್ ತಂದರು. ಫೇಸ್-ಅರ್ಥ್, ನ್ಯೂಟ್ರಲ್-ಅರ್ಥ್ ಎರಡೂ ಒಂದು ಮೆಗಾಓಮ್‌ಗಿಂತ ಎಷ್ಟೋ ಮೇಲೆ ಬಂದವು. ಆಮೇಲೆ ಎರಡು ನ್ಯೂಟ್ರಲ್ ಪಟ್ಟಿಗಳ ನಡುವೆಯೂ ಅಳೆಯೋಣ ಅಂತ ನಾನೇ ಕೇಳಿದೆ. ದೀಪ, ಫ್ಯಾನ್, ಪ್ಲಗ್ ಎಲ್ಲಾ ತೆಗೆದು, ಆರ್‌ಸಿಸಿಬಿ ಎರಡೂ ಆಫ್ ಮಾಡಿ ಅಳೆದರೆ ಮುಳ್ಳು ಸೀದಾ ಸೊನ್ನೆಗೆ ಬಿತ್ತು. ಪಡಸಾಲೆಯ ಗಂಟು ಬಿಚ್ಚಿ ವಾರವಾಗಿತ್ತು; ಇನ್ನೊಂದು ಎಲ್ಲೋ ಇದೆ ಅಂತಾಯ್ತು. ಒಂದೊಂದೇ ತಂತಿ ಬಿಚ್ಚುತ್ತಾ ಹೋದೆವು. ಮಧ್ಯಾಹ್ನದ ಹೊತ್ತಿಗೆ ಸಿಕ್ಕಿತು: ಹಿತ್ತಲ ಬಚ್ಚಲಿನ ದೀಪ, ಫೇಸ್ ನಮ್ಮದು, ನ್ಯೂಟ್ರಲ್ ದೊಡ್ಡಪ್ಪನದು, ಬೋರ್ಡಿನೊಳಗೆ ಎರಡೂ ನ್ಯೂಟ್ರಲ್ ಒಂದೇ ಸ್ಕ್ರೂ ಕೆಳಗೆ. ಅದು ಗೋಡೆ ಒಡೆದ ಮೇಲೆ ಆದದ್ದಲ್ಲ. ಪಾಲಾದ ಕಾಲದಲ್ಲಿ ಬಚ್ಚಲು ಮಾತ್ರ ಇಬ್ಬರಿಗೂ ಒಂದೇ ಇತ್ತು. "ಆಗ ಬಚ್ಚಲ ದೀಪದ ಬಿಲ್ ಯಾರು ಕಟ್ಟಬೇಕು ಅಂತ ನಾನೂ ನಿಮ್ಮಪ್ಪನೂ ಎರಡು ದಿನ ಮಾತು ಬಿಟ್ಟಿದ್ವಿ" ಅಂದರು ದೊಡ್ಡಪ್ಪ. ಆ ತಂತಿಯನ್ನು ಎಡಗಡೆ ಪಟ್ಟಿಗೆ ಹಾಕಿಸಿ ಮತ್ತೆ ಅಳೆದೆವು, ಮುಳ್ಳು ಮೇಲೇ ನಿಂತಿತು. ಸಂಜೆ ಕರೆಂಟ್ ಬಂತು.